ಹಸಿರು ಬಂದಮೇಲೆ

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಇದು ಯಾರೋ ಯಾರಿಗೋ ಹೇಳಿದ ಮಾತಲ್ಲ. ನಮ್ಮ ದೊಡ್ಡಮ್ಮನ ಮಗಳು ಗಗನಾಗೆ ಆದದ್ದು... ಹೋದ ವರ್ಷ, ಅವರೆಕಾಯಿ ಕಾಲದಲ್ಲಿ.

ಪುರವರದಿಂದ ಎರಡು ಕಿಲೋಮೀಟರ್ ಒಳಕ್ಕೆ ಅವಳ ಊರು. ಬಸ್ಸು ಊರೊಳಗೆ ಬರುವುದಿಲ್ಲ, ದೊಡ್ಡ ರಸ್ತೆಯ ಗೇಟಿನಲ್ಲಿ ಇಳಿದು ನಡೆಯಬೇಕು. ಅರ್ಧ ದಾರಿಗೆ ಒಂದು ಹಾಳು ಬಾವಿ, ಅದರ ಮೇಲೆ ಬಾಗಿದ ಆಲದಮರ. ಊರು ಬೆಟ್ಟದ ಮರೆಗಿರುವುದರಿಂದ ಮನೆಗಳಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಬಾವಿಕಟ್ಟೆಯ ಮೇಲೆ ಮಾತ್ರ ಒಂದು ಕಡ್ಡಿ ಬರುತ್ತದೆ. ಸಂಜೆ ಹೊತ್ತು ಊರಿಗೂರೇ ಅಲ್ಲಿ ಕೂತು ಫೋನಿನಲ್ಲಿ ಕೂಗಾಡುತ್ತಿರುತ್ತದೆ. ಒಂಬತ್ತಾಯಿತೋ... ಒಂದು ನರಪಿಳ್ಳೆ ಇರುವುದಿಲ್ಲ.

ಅವತ್ತು ಗಗನಾ ಸಿರಾದಿಂದ ಬರುತ್ತಿದ್ದಳು. ನಮ್ಮಣ್ಣನ ಮದುವೆಗೆ ಬಂದವಳು ಮೂರು ವಾರ ನಮ್ಮನೆಯಲ್ಲೇ ಇದ್ದಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಗೇಟಿಗೆ ಇಳಿದಾಗ ಹತ್ತೂವರೆ ಆಗಿತ್ತು. ಫೋನಿನ ಟಾರ್ಚು ಹಾಕಿಕೊಂಡು ಹೊರಟಳು. ಚಪ್ಪಲಿ ಮರಳಿನ ಮೇಲೆ ಚರ್... ಚರ್... ಎರಡೂ ಕಡೆ ಹೊಲದಲ್ಲಿ ಜೀರುಂಡೆ. ಮರ ಹತ್ತಿರ ಬಂದ ಹಾಗೆ ಜೀರುಂಡೆ ಸದ್ದು ನಿಂತುಹೋಯಿತು.

ಆಗ ಕೇಳಿಸಿತು.

ಠಣ್.

ಹಿತ್ತಾಳೆ ಚೊಂಬಿಗೆ ಚಮಚದಲ್ಲಿ ಒಂದೇ ಒಂದು ಸಲ ಹೊಡೆದ ಸದ್ದು. ಗಗನಾಗೆ ಅದು ಚೆನ್ನಾಗಿ ಗೊತ್ತು. ಅವಳೇ ಮಾಡಿದ್ದು.

ಅದನ್ನ ಇಲ್ಲೇ ಹೇಳಿಬಿಡಬೇಕು. ಮಧುಗಿರಿಯಲ್ಲಿ ಒಂದು ಟೈಲರ್ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಅಲ್ಲಿ ಗಗನಾಗೆ ವೆಬ್‌ಸೈಟು ಮಾಡುವ ಕೆಲಸ. ತೆರೆಯ ಮೇಲೆ ಜನ ನೋಡುವುದು, ಒತ್ತುವುದು ಎಲ್ಲಾ ಅವಳ ಪಾಲು. ಪುರವರದ ಐದು ಜನ ಆಟೋದವರು ಸೇರಿ, ರಾತ್ರಿ ಹುಷಾರು ತಪ್ಪಿದವರನ್ನ ಆಸ್ಪತ್ರೆಗೆ ಕರೆದೊಯ್ಯಲು ಒಂದು ಏರ್ಪಾಡು ಮಾಡಿಕೊಂಡಿದ್ದರು. ಅವರಿಗೆ ಪುಟ ಮಾಡಿಕೊಟ್ಟವಳು ಇವಳೇ. ಮುದುಕರ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡ ಗುಂಡಿ. ಓದು ಬಾರದವರಿಗೆ ಬಣ್ಣ, ಕಣ್ಣು ಮಂಜಾದವರಿಗೆ ಸದ್ದು. ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆದುಕೊಳ್ಳಲಿ ಅಂತ ಪುಟ ಫೋನಿನೊಳಗೇ ಉಳಿಯುವ ಹಾಗೆ ಮಾಡಿದ್ದಳು.

ಮೊದಲು ಸರಿಯಾಗೇ ಮಾಡಿದ್ದಳು. ಗುಂಡಿ ಒತ್ತಿದರೆ ಒಂದು ಚಕ್ರ ತಿರುಗುತ್ತದೆ. ಆಟೋದವರ ಪಟ್ಟಿಗೆ ಹೋಗಿ ಮುಟ್ಟಿ, ಅಲ್ಲಿಂದ ಉತ್ತರ ಬಂದರೆ ಮಾತ್ರ ಹಸಿರು ಗುರುತು. ಬರದಿದ್ದರೆ ಕೆಂಪು, ಜೊತೆಗೆ ಫೋನ್ ನಂಬರು. ಆಟೋದವರ ಹಿರಿಯ ಸಂಜೀವಯ್ಯ ನೋಡಿ ಮುಖ ಗಂಟು ಹಾಕಿದ.

"ಈ ಚಕ್ರ ಇಂಗೇ ತಿರುಗ್ತಾ ಇದ್ರೆ ಜನ ಎದೆ ಒಡ್ಕಂಡ್ ಸಾಯ್ತಾರೆ ಕಣಮ್ಮ. ಒತ್ತಿದ್ ತಕ್ಷಣ ಹಸಿರು ತೋರ್ಸ್ಬುಡು."

"ಮುಟ್ಟದೇ ಇದ್ರೆ, ಅಂಕಲ್..."

"ಮುಟ್ತದೆ ಬುಡು. ಇವತ್ತಲ್ಲ ಅಂದ್ರೆ ಐದ್ನಿಮಿಷ ಬಿಟ್ಟು."

ಗಗನಾ ಮೊದಲೇ ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳಲ್ಲ. ಇಂಗ್ಲಿಷಿನಲ್ಲಾದರೂ ಅಷ್ಟೇ, ಕನ್ನಡದಲ್ಲಾದರೂ ಅಷ್ಟೇ. ಪುಟದ ಕೋಡಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿದಳು. ಉತ್ತರಕ್ಕೆ ಕಾಯದೆ ಹಸಿರು ಬಂತು. ಹಸಿರಿನ ಜೊತೆ ಠಣ್. ಊರಲ್ಲಿ ಮೊದಲು ತೋರಿಸಿದ್ದು ಕೊಲ್ಲಾಪುರಮ್ಮನಿಗೆ. ಮುದುಕಿಯ ಬೆರಳು ಹಿಡಿದು ಒತ್ತಿಸಿ, "ಹಸಿರು ಬಂದ್ರೆ ಆಟೋ ಬರ್ತದೆ ಅಜ್ಜಿ, ಆಲದಮರದ ಹತ್ರ ಹೋಗಿ ಕೂತ್ಕೊಳಿ" ಅಂತ ಹೇಳಿಕೊಟ್ಟಿದ್ದಳು.

ಈಗ ಆ ಮರದ ಕೆಳಗೆ...

"ಯಾರು?" ಅಂದಳು ಗಗನಾ.

"ನಾನೇ ಕಣವ್ವ."

ಕೊಲ್ಲಾಪುರಮ್ಮನ ದನಿ. ಗಗನಾಗೆ ಹೋದ ಜೀವ ಬಂದ ಹಾಗಾಯಿತು. ಮುದುಕಿ ಕಟ್ಟೆಯ ಒಂದು ತುದಿಯಲ್ಲಿ, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟ ಹಾಗೆ ಮುದುರಿಕೊಂಡು ಕೂತಿದ್ದಳು. ತಲೆ ಮೇಲೆ ಸೆರಗು. ಮಡಿಲಲ್ಲಿ ಫೋನು. ಹಸಿರು ಬೆಳಕು ಗಲ್ಲದವರೆಗೆ ಮಾತ್ರ ಬಿದ್ದಿತ್ತು. ಕಣ್ಣು ಕಾಣಲಿಲ್ಲ.

"ಇಷ್ಟೊತ್ತಲ್ಲಿ ಏನಜ್ಜಿ?"

"ಎದೆ ಹಿಡ್ಕಂಡೈತೆ. ಆಟೋ ಒತ್ತಿವ್ನಿ."

"ಯಾವಾಗ ಒತ್ತಿದ್ರಿ?"

"ಆಗ್ಲೇ... ಹಸಿರು ಬಂದೈತೆ ನೋಡು. ನೀನೇ ಹೇಳಿದ್ದಲ್ಲವ್ವ."

"ಹಾಗಾದ್ರೆ ಬರ್ತಾರೆ. ಅಲ್ಲಿವರ್ಗೂ ನಾನೂ ಜೊತೇಲಿ ಕೂತ್ಕೊಳ್ಲಾ?"

"ಬ್ಯಾಡ... ಜೊತೆ ಐತೆ."

ಗಗನಾ ಹೊರಟಳು. ಹತ್ತು ಹೆಜ್ಜೆ ಆದಮೇಲೆ ಜೀರುಂಡೆ ಮತ್ತೆ ಶುರುವಾದವು.

ಮನೆಯಲ್ಲಿ ಅವಳಮ್ಮ ನಾಗರತ್ನಮ್ಮ ಮುದ್ದೆ ಬಡಿಸುತ್ತಾ ಕೇಳಿದಳು, "ದಾರೀಲಿ ಯಾರಾದ್ರೂ ಸಿಕ್ಕಿದ್ರೇನೆ?"

"ಕೊಲ್ಲಾಪುರಮ್ಮಜ್ಜಿ. ಆಟೋಗೆ ಕಾಯ್ತಾ ಕೂತಿದ್ರು."

ನಾಗರತ್ನಮ್ಮನ ಕೈ ಅಲ್ಲೇ ನಿಂತಿತು. ಸಾರಿನ ಸೌಟಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ತಪ್... ತಪ್...

"ಎದ್ದು ಕಾಲ್ ತೊಳ್ಕಂಡ್ ಬಾ. ರಾತ್ರಿ ಹೊತ್ತು ಆ ಹೆಸರು ಎತ್ಬ್ಯಾಡ."

"ಯಾಕಮ್ಮ?"

"ಸತ್ತು ಹನ್ನೆರಡು ದಿನ ಆಯ್ತು ಕಣೆ. ಮದುವೆ ಮನೇಲಿ ಇದ್ದೀಯ ಅಂತ ನಿಂಗೆ ಹೇಳ್ಲಿಲ್ಲ."

ಆಮೇಲೆ ಮೆಲ್ಲಗೆ ಎಲ್ಲಾ ಹೇಳಿದಳು. ಮುದುಕಿಯ ಮಗ ಚೇತನ್ ಕುಮಾರ್ ಆ ರಾತ್ರಿ ಶೇಂಗಾ ಬಿಡಿಸುವ ಮೆಷೀನಿನ ಜೊತೆ ಪಾವಗಡದಲ್ಲಿದ್ದ. ಮುದುಕಿ ಮನೆಯಲ್ಲೇ ಗುಂಡಿ ಒತ್ತಿ, ಎದೆ ಹಿಡಿದುಕೊಂಡು ಮರದವರೆಗೆ ನಡೆದಳು. ಅಲ್ಲಿಂದ ಮಗನಿಗೆ ಫೋನ್ ಮಾಡಿದಳು. "ಹಸಿರು ಬಂದೈತೆ ಕಣಪ್ಪ, ಗಾಬ್ರಿ ಆಗ್ಬ್ಯಾಡ" ಅಂದಳಂತೆ. ಅವನೂ ನಂಬಿ, ಆಟೋದವರಿಗೆ ಬೇರೆಯಾಗಿ ಫೋನ್ ಮಾಡಲಿಲ್ಲ. ಬೆಳಿಗ್ಗೆ ಹಾಲಿನವನು ನೋಡಿದಾಗ ಕಟ್ಟೆ ಮೇಲೆ ಕೂತ ಹಾಗೇ ಇದ್ದಳು. ಕೈಯಿಂದ ಫೋನು ಬಿಡಿಸಲು ಆಗಲಿಲ್ಲ. ಎಲೆಅಡಿಕೆ ಚೀಲದ ಜೊತೆ ಅದನ್ನೂ ಇಟ್ಟು, ಬಾವಿ ಹಿಂದಿನ ಅವರದೇ ಹೊಲದಲ್ಲಿ ಮಣ್ಣು ಮಾಡಿದರು.

"ಸಂಜೀವಯ್ಯ ಲಿಸ್ಟ್ ತೋರ್ಸ್ದ. ಆ ರಾತ್ರಿ ಯಾರೂ ಒತ್ತೇ ಇಲ್ವಂತೆ. ತಾಯಿನ ಬೀದೀಲಿ ಸಾಯಕ್ ಬಿಟ್ಟು ಮಗ ಸುಳ್ಳೇಳ್ತಾನೆ ಅಂತ ಊರೆಲ್ಲಾ ಉಗೀತೈತೆ."

ಗಗನಾ ಮುದ್ದೆ ಮುಟ್ಟಲಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಒತ್ತಿದ್ದು ಎಲ್ಲಿಗೂ ಹೋಗಿಲ್ಲ. ಮರದ ಕೆಳಗೆ ಇನ್ನೊಂದೇ ಒಂದು ಸಲ ಒತ್ತಿದ್ದರೆ ಹೋಗುತ್ತಿತ್ತು. ಆದರೆ ಯಾಕೆ ಒತ್ತುತ್ತಾಳೆ? ಹಸಿರು ಬಂದಿತ್ತಲ್ಲ...

ಮರುದಿನ ಆಫೀಸಿಗೆ ಹೋದವಳೇ ಆ ಸಾಲನ್ನ ಸರಿಮಾಡಿದಳು. ಉತ್ತರ ಬರುವವರೆಗೆ ಹಸಿರಿಲ್ಲ. ಹೊಸ ಪುಟ ಒಂದೊಂದೇ ಫೋನಿಗೆ ಹೋಗಿ ಕೂರುವುದು ಅವಳ ತೆರೆಯ ಮೇಲೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹನ್ನೆರಡು ಫೋನಿನಲ್ಲಿ ಇನ್ನೂರ ಹನ್ನೊಂದು ಹೊಸದಾದವು. ಕೊಲ್ಲಾಪುರಮ್ಮನದು ಮಾತ್ರ ಹಳೇ ಪುಟದಲ್ಲೇ ಇತ್ತು. ಕೊನೆಯ ಸಲ ತೆರೆದದ್ದು ಯಾವಾಗ ಅಂತ ನೋಡಿದಳು. ನಿನ್ನೆ ರಾತ್ರಿ, ಹತ್ತು ನಲವತ್ತೊಂದು.

ತಕ್ಷಣ ಸಂಜೀವಯ್ಯನಿಗೆ ಫೋನ್ ಮಾಡಿದಳು. ಹಸಿರು ಸುಳ್ಳು ಹೇಳಿದ ಸಂಗತಿ ಹೇಳಿದಳು, ಮರದ ಸಂಗತಿ ಹೇಳಲಿಲ್ಲ.

ಅವನಂದ, "ಸರಿಮಾಡಿದ್ದೀಯಲ್ಲ, ಆಯ್ತು ಬುಡು. ಯಾರ್ ಮುಂದೇನೂ ಬಾಯ್ಬುಡ್ಬ್ಯಾಡ. ಹೋದ್ ಜೀವ ವಾಪಸ್ ಬತ್ತದಾ?"

ಗಗನಾ ಫೋನ್ ಇಟ್ಟಳು.

ಅವತ್ತು ಹೊತ್ತು ಮುಳುಗುವ ಮೊದಲೇ ಊರಿಗೆ ಬಂದಳು. ಕಟ್ಟೆಯ ತುಂಬ ಜನ. ಚೇತನ್ ಕುಮಾರ್ ಒಬ್ಬನೇ ದೂರದಲ್ಲಿ, ಬೇರಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಯಾರೋ ಕೂಗಿದರು, "ಲೇ ಚೇತು, ಹಸಿರು ಬಂತೇನ್ಲಾ?" ನಾಲ್ಕೈದು ಜನ ಕಿಸಕ್ಕನೆ ನಕ್ಕರು. ಅವನು ತಲೆ ಎತ್ತಲಿಲ್ಲ. ಗಗನಾ ಅವನ ಮುಂದೆಯೇ ಹಾದುಹೋದಳು. ಹೇಳಬೇಕು ಅಂತ ಎರಡು ಸಲ ನಿಂತಳು. ಬಾಯಿ ಬರಲಿಲ್ಲ.

ಆ ರಾತ್ರಿ ಹನ್ನೊಂದು ಗಂಟೆಗೆ...

ಠಣ್.

ಮರದ ಕಡೆಯಿಂದಲ್ಲ. ಜಗಲಿಯಿಂದ.

ನಾಗರತ್ನಮ್ಮ ಗಾಢ ನಿದ್ದೆಯಲ್ಲಿದ್ದಳು. ಬಾಗಿಲ ಸಂದಿಯಲ್ಲಿ ಒಂದು ಹಸಿರು ಗೆರೆ ಕಾಣುತ್ತಿತ್ತು. ಬಳೆ ಕಲ್ಲಿಗೆ ತಾಗಿದ ಸದ್ದು, ಟಿಕ್... ಯಾರೋ ಕೂತ ಹಾಗೆ. ಆಮೇಲೆ ಉಸಿರಿನಷ್ಟೇ ಸಣ್ಣ ದನಿ.

"ಹಸಿರು ಬಂದೈತಲ್ಲವ್ವ... ಯಾಕೆ ಬರ್ಲಿಲ್ಲ?"

ಗಗನಾ ಬಾಯಿಗೆ ಸೆರಗು ಒತ್ತಿಕೊಂಡಳು.

"ನೀನೇ ಹೇಳಿದ್ದಲ್ಲವ್ವ..."

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕಡೆಗೆ ಬಾಗಿಲಿನ ಈಚೆಯಿಂದಲೇ ಅಂದಳು, "ಕರೆಸ್ತೀನಿ ಅಜ್ಜಿ. ಈಗ ಕರೆಸ್ತೀನಿ."

ಹಸಿರು ಗೆರೆ ಆರಿತು.

ಆದರೆ ಕರೆಸಬೇಕು ಅಂದರೆ ಫೋನ್ ಮಾಡಬೇಕು. ಫೋನ್ ಮಾಡಬೇಕು ಅಂದರೆ... ಮರದ ಹತ್ತಿರ ಹೋಗಬೇಕು.

ಹೋದಳು. ಟಾರ್ಚು ಹಾಕಲಿಲ್ಲ, ಏನಾದರೂ ಕಂಡುಬಿಟ್ಟರೆ ಅಂತ. ಅವಳ ಚಪ್ಪಲಿ ಚರ್... ಚರ್... ಅದರ ಹಿಂದೆ ಬರಿಗಾಲು, ಥಪ್... ಥಪ್... ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಲಿಲ್ಲ. ಕಟ್ಟೆ ಮುಟ್ಟಿ, ಮರದ ಕಡೆ ಮುಖ ಮಾಡಿ, ಪುರವರದ ಆಟೋದ ವಾಸಿಫ್‌ಗೆ ಫೋನ್ ಹಚ್ಚಿದಳು. ಪಾಳಿಯ ಮೇಲೆ ರಾತ್ರಿಯೆಲ್ಲಾ ಎದ್ದಿರುವವನು ಅವನೇ.

"ವಾಸಿಫಣ್ಣ... ಆಲದಮರದ ಹತ್ರ ಬರ್ಬೇಕು."

"ಏನಮ್ಮ, ಯಾರಿಗೆ ಹುಷಾರಿಲ್ಲ? ಲಿಸ್ಟಲ್ಲಿ ಏನೂ ಬಂದಿಲ್ವಲ್ಲ."

"ಬಂದಿಲ್ಲ. ಆದ್ರೆ ಒತ್ತಿದ್ದಾರೆ. ಆ ಹಸಿರು ಸುಳ್ಳು ಅಣ್ಣ. ಮುಟ್ಟಿದ್ರೂ ಬರ್ತಿತ್ತು, ಮುಟ್ಟದಿದ್ರೂ ಬರ್ತಿತ್ತು. ನಾನೇ ಹಾಗೆ ಮಾಡಿದ್ದು."

"ಪೇಷಂಟ್ ಯಾರು?"

"ಕೊಲ್ಲಾಪುರಮ್ಮ."

ಆಚೆ ಕಡೆ ವಾಸಿಫ್ ಎದ್ದು ಕೂತ ಸದ್ದು ಕೇಳಿಸಿತು.

"ಯಾ ಅಲ್ಲಾ... ಆ ರಾತ್ರಿ ನಾನು ಸ್ಟ್ಯಾಂಡಲ್ಲೇ ಇದ್ದೆ ಕಣಮ್ಮ. ಖಾಲಿ. ಬೆಳಗಿನವರ್ಗೂ ಖಾಲಿ."

"ಬರ್ತೀರಾ?"

"ಕರೆದವರಿಗೆ ಬರ್ತೀವಿ ಅಂತ ತಾನೆ ಬೋರ್ಡ್ ಹಾಕಿರೋದು. ಬಂದೆ."

ಹತ್ತು ನಿಮಿಷ. ಗಗನಾ ಮರದ ತೊಗಟೆಗೆ ಹಣೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಬೆನ್ನ ಹಿಂದೆ ಕಟ್ಟೆಯ ಮೇಲೆ ಬಳೆ ಒಂದೊಂದು ಸಲ ಟಿಕ್ ಅನ್ನುತ್ತಿತ್ತು. ಆಮೇಲೆ ದೂರದಿಂದ ಡುಗುಡುಗು... ಆಟೋ ಬಂದು ನಿಂತಿತು. ವಾಸಿಫ್ ಇಳಿಯಲಿಲ್ಲ. ಕನ್ನಡಿಯನ್ನ ಮೊದಲೇ ಮೇಲಕ್ಕೆ ತಿರುಗಿಸಿದ್ದ.

"ಕೂತ್ಕೊಳಿ ಅಮ್ಮ," ಅಂದ. "ತಡ ಆಯ್ತು."

ಹಿಂದಿನ ಸೀಟಿನ ಸ್ಪ್ರಿಂಗು ಅಂತು, ಕಿರ್ಕ್.

ಒಂದು ಕ್ಷಣ ಬಿಟ್ಟು ಮತ್ತೆ, ಕಿರ್ಕ್.

ಮುದುಕಿ ಸರಿಯಾಗಿ ಕೂತುಕೊಂಡಳು ಅಂದುಕೊಂಡಳು ಗಗನಾ. ಆಟೋ ತಿರುಗಿ ಮಧುಗಿರಿ ದಾರಿ ಹಿಡಿಯಿತು. ಜೀರುಂಡೆ ಶುರುವಾದವು.

ಬೆಳಿಗ್ಗೆ ಎದ್ದು ಅವಳು ಮೊದಲು ಮಾಡಿದ ಕೆಲಸ, ಚೇತನ್ ಕುಮಾರ್ ಮನೆ ಬಾಗಿಲಿಗೆ ಹೋದದ್ದು. ಸಂಜೀವಯ್ಯನನ್ನೂ ಕರೆಸಿದಳು. ಬೀದಿಯಲ್ಲಿ ಹತ್ತಾರು ಜನ ನಿಂತಿದ್ದರು. ಜೀವಮಾನದಲ್ಲಿ ಅಷ್ಟು ಜನರ ಮುಂದೆ ಮಾತಾಡಿದವಳಲ್ಲ. ಮಾತಾಡಿದಳು. ಗುಂಡಿ, ಹಸಿರು, ತಾನು ಬದಲಾಯಿಸಿದ ಒಂದು ಸಾಲು, ಎಲ್ಲಾ. "ಒತ್ತಿದ್ರು. ನನ್ನ ಪುಟ ಸುಳ್ಳು ಹೇಳ್ತು."

ಸಂಜೀವಯ್ಯ ನೆಲ ನೋಡುತ್ತಾ ಅಂದ, "ಹಂಗ್ ಮಾಡು ಅಂದೋನು ನಾನೇ."

ಚೇತನ್ ಕುಮಾರ್ ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು ಒಂದೇ ಮಾತು ಕೇಳಿದ. "ಹಂಗಾದ್ರೆ ಅವ್ವ ಒತ್ತಿದ್ದು ನಿಜ ತಾನೆ?"

"ನಿಜ."

ಹಿಂದಿನ ಸಂಜೆ ನಕ್ಕವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಇದನ್ನ ಹೇಳುತ್ತಿರಲಿಲ್ಲ. ಆಫೀಸಿಗೆ ಹೋಗಿ ಗಗನಾ ತೆರೆ ನೋಡಿದಳು. ಇನ್ನೂರ ಹನ್ನೆರಡು ಫೋನೂ ಹೊಸ ಪುಟದಲ್ಲಿದ್ದವು. ಮಣ್ಣಿನೊಳಗಿದ್ದದ್ದೂ. ಆಟೋದವರ ಪಟ್ಟಿಯಲ್ಲಿ ಒಂದು ಹೊಸ ಸಾಲು ಬಂದಿತ್ತು. ಒತ್ತಿದ ಸಮಯ, ಮುದುಕಿ ಸತ್ತ ರಾತ್ರಿ ಹತ್ತು ಇಪ್ಪತ್ತು. ಪಟ್ಟಿಗೆ ಮುಟ್ಟಿದ ಸಮಯ, ನಿನ್ನೆ ರಾತ್ರಿ ಹನ್ನೊಂದು ಐವತ್ತೆರಡು. ಹತ್ತುವ ಜಾಗ, ಆಲದಮರ. ಇಳಿಯುವ ಜಾಗ, ಆಸ್ಪತ್ರೆ.

ಅದರ ಕೆಳಗೆ, ಎಷ್ಟು ಜನ ಅನ್ನುವ ಕಡೆ, ಎರಡು.

ಆ ಪುಟ ತಾನಾಗೇ ತೋರಿಸುವುದು ಒಂದು ಅಂತ. ಎರಡು ಆಗಬೇಕಾದರೆ ಯಾರಾದರೂ ಬೆರಳಿಟ್ಟು ಒತ್ತಬೇಕು.

ಆ ಊರಲ್ಲಿ ಆ ತಿಂಗಳು ಸತ್ತವರು ಇನ್ನೊಬ್ಬರಿಲ್ಲ. ಮನೆಮನೆಗೂ ಹೋಗಿ ಕೇಳಿದ್ದಾಳೆ. ವಾಸಿಫ್‌ನನ್ನೂ ಕೇಳಿದಳು, ಆಸ್ಪತ್ರೆ ಬಾಗಿಲಲ್ಲಿ ಇಳಿಯುವಾಗ ಸೀಟು ಎಷ್ಟು ಸಲ ಸದ್ದು ಮಾಡಿತು ಅಂತ. ಅವನು ಹೇಳಿದ, "ಒಂದೇ ಸಲ ಕಣಮ್ಮ."

ಪಟ್ಟಿಯ ಆ ಸಾಲಿನ ಪ್ರಿಂಟು ತೆಗೆದು ಇಟ್ಟಿದ್ದಾಳೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಎರಡು ಅಂತಲೇ ಇದೆ.