ಯಾರಿಗೂ ಸಿಗದೆ ಕೂತ ನರಿ

ಅವತ್ತು ರಾತ್ರಿ ನಮ್ಮ ದಫಿನಾ ಒಬ್ಳೇ ಹಿಂದೆ ಉಳಿದಿದ್ಲು. ದಫಿನಾ ಅಂದ್ರೆ ನನ್ನ ಚಿಕ್ಕಮ್ಮನ ಮಗಳು, ಔಷಧಿ ಅಂಗಡೀಲಿ ಕೂರ್ತಾಳಲ್ಲ, ಅವಳೇ. ಉಳಿದವರು ಬೆಟ್ಟ ಇಳಿದು ಊರು ಸೇರಿಯಾಗಿತ್ತು. ಇವಳು ಇನ್ನೂ ಹಳೇ ಬಾವಿ ಹತ್ರ ಬರ್ತಾ ಇದ್ಲು. ಬಾವಿ ಪಕ್ಕದ ಆ ಅಕ್ರೋಟಿನ ಮರ ನೀವೂ ನೋಡಿದೀರಿ. ಹಗಲು ಹೊತ್ತಲ್ಲೂ ಅದರ ನೆರಳಲ್ಲಿ ನಮ್ಮೂರಿನವರು ಯಾರೂ ಮಲಗಲ್ಲ.

ಬೂಟಿನ ಕೆಳಗೆ ಒಣ ಎಲೆ ಚರ್... ಚರ್... ಅಂತಿತ್ತು. ಅದು ಬಿಟ್ರೆ ಏನೂ ಇಲ್ಲ. ಹೆಡ್‌ಫೋನ್ ಇನ್ನೂ ಕಿವಿ ಮೇಲೇ ಇತ್ತು. ತೆಗೆಯೋಕೆ ಮನಸ್ಸು ಬಂದಿರ್ಲಿಲ್ಲ. ಅವತ್ತು ಅವಳಿಗೆ ನರಿ ಸಿಕ್ಕಿರ್ಲಿಲ್ಲ, ಅದೇ ಸಿಟ್ಟು.

ಹೊಸಬರು ಬಂದಿದೀರಿ, ಅದಕ್ಕೆ ಬಿಡಿಸಿ ಹೇಳ್ತೀನಿ. ನರಿ ಬೇಟೆ ಆಟಕ್ಕೆ ಈಗ ನಾವು ಕಾಡಲ್ಲಿ ಬರೀ ಪೆಟ್ಟಿಗೆ ಬಚ್ಚಿಡ್ತೀವಿ. ಆಗ ಹಾಗಲ್ಲ. ಮನುಷ್ಯನೇ ನರಿ. ಒಬ್ಬರು ಚಿಕ್ಕ ಟ್ರಾನ್ಸ್‌ಮಿಟರ್ ತಗೊಂಡು ಕಾಡಲ್ಲೆಲ್ಲೋ ಅಡಗಿ ಕೂತು, ಮೋರ್ಸ್ ಕೀ ಒತ್ತುತಾ ಇರೋದು. ಡಾ... ಡಾ... ಡಿ-ಡಿ. ಉಳಿದವರು ತಾವೇ ಬೆಸುಗೆ ಹಾಕಿದ ರಿಸೀವರ್ ಹಿಡಿದು ಹುಡುಕೋದು. ಅದಕ್ಕೆ ಬಳೆ ಥರ ದುಂಡಗಿನ ಆಂಟೆನಾ. ಆ ಬಳೆ ತಿರುಗಿಸ್ತಾ ಹೋದ್ರೆ ಒಂದು ಕಡೆ ದನಿ ಕುಸಿಯುತ್ತೆ. ನರಿ ಇರೋದು ಆ ಕಡೆಗೇ, ಆ ಗೆರೆ ಹಿಡಿದು ನಡೀಬೇಕು. ನರಿ ಮಾತಾಡ್ಬಾರದು. ಕೆಮ್ಮಬಾರದು. ಏಳಬಾರದು. ಯಾರಾದ್ರೂ ಬಂದು ಭುಜ ಮುಟ್ಟಿ "ನರಿ ಸಿಕ್ತು" ಅಂದ ಮೇಲೇ ಅದಕ್ಕೆ ಬಿಡುಗಡೆ. ಮೊದಲು ಮುಟ್ಟಿದವರು ಮುಂದಿನ ಸಲ ನರಿ. ನಮ್ಮ ರೇಡಿಯೊ ಸಂಘದ ಹಳೇ ಕಟ್ಟಳೆ ಇದು. ಬೇರೆ ಊರಲ್ಲಿ ಏನು ಮಾಡ್ತಾರೋ ನಂಗೊತ್ತಿಲ್ಲ.

ದಫಿನಾ ಗಂಡನ್ನ ಬಿಟ್ಟು ಈ ಊರಿಗೆ ಬಂದಾಗ ಅವಳ ಜೊತೆ ಮಾತಾಡೋರು ಅಂದ್ರೆ ಕೆಮ್ಮಿನ ಔಷಧಿ ಕೇಳೋರು ಮಾತ್ರ. ಸಂಜೆ ಆದ್ರೆ ಬಾಗಿಲು ಹಾಕ್ಕೊಂಡು ಗೋಡೆ ನೋಡ್ತಾ ಕೂರೋಳು. ನಾನೇ ರೇಗಿ, ಕೈಹಿಡಿದು ಎಳ್ಕೊಂಡು ಬಂದು ಸಂಘದ ಇದೇ ಮಹಡಿ ಹತ್ತಿಸಿದ್ದು. ಬೆರಳು ಸುಟ್ಕೊಂಡು ಒಂದು ರಿಸೀವರ್ ಮಾಡಿದ್ಲು. ಮಿಂಚೊ ಮಾವ, ನಮ್ಮ ಸಂಘದ ಹಿರಿಯ, ಕನ್ನಡಕ ಏರಿಸಿ ಅದನ್ನ ನೋಡಿ, ಇದೇನಮ್ಮ ಬೆಸುಗೆನೋ ಕೋಳಿ ಹಿಕ್ಕೆನೋ ಅಂದ. ದಫಿನಾ ನಕ್ಕುಬಿಟ್ಲು. ಈ ಊರಿಗೆ ಬಂದ ಮೇಲೆ ಅವಳು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೇ. ಆಮೇಲೆ ಅವಳಿಗೆ ಸಂಘವೇ ಮನೆ ಆಯ್ತು. ಇವರ ಕಣ್ಣಲ್ಲಿ ದಡ್ಡಿ ಆಗ್ಬಾರದು ಅನ್ನೋದೊಂದೇ ಚಿಂತೆ.

ಅವತ್ತು ನರಿ ಆಗಿದ್ದವನು ರೈಲ್ವೆ ಕ್ರಸ್ತ್ಯೊ. ಅವನ ಹೊಟ್ಟೆ ಮುಚ್ಚೋಕೆ ಒಂದು ಬಣವೆ ಹುಲ್ಲು ಬೇಕು. ಆದ್ರೂ ದಫಿನಾಗೆ ಸಿಗಲಿಲ್ಲ. ಮಿಂಚೊ ಮಾವನಿಗೆ ಸಿಕ್ಕಿದ. ಸೀಟಿ ಊದಿದ್ರು. ಆಟ ಮುಗೀತು. ಎಲ್ಲರೂ ಸಾರು ಕುಡಿಯೋಕೆ ಇಲ್ಲಿಗೆ ಬಂದ್ರು.

ಬಾವಿ ಹತ್ರ ಬಂದಾಗ ಹೆಡ್‌ಫೋನಲ್ಲಿ ಕೇಳಿಸ್ತು.

ಡಾ... ಡಾ... ಡಿ-ಡಿ.

ಸಣ್ಣ ದನಿ. ಬ್ಯಾಟರಿ ಸಾಯ್ತಾ ಇರೋವಾಗ ಬರುತ್ತಲ್ಲ, ಪ್ರತಿ ಸಲ ಕೊನೇಲಿ ಸ್ವಲ್ಪ ಕೆಳಗೆ ಜಾರೋ ದನಿ, ಹಾಗೆ. ದಫಿನಾ ನಿಂತ್ಲು. ನರಿ ಆಗ್ಲೇ ಸಿಕ್ಕಾಯ್ತಲ್ಲ... ಮತ್ತೆ ಇದ್ಯಾರು?

ಅವಳಿಗೆ ಹೊಳೆದಿದ್ದು ಒಂದೇ. ಹೊಸಬರ ಕಾಲೆಳೆಯೋದು ಇಲ್ಲಿ ರೂಢಿ. ಕ್ರಸ್ತ್ಯೊ ಹೊಸದಾಗಿ ಬಂದಾಗ ಅವನಿಗೂ ಒಂದು ಸುಳ್ಳು ನರಿ ಇಟ್ಟು, ಅರ್ಧ ರಾತ್ರಿ ಮುಳ್ಳಿನ ಪೊದೇಲಿ ಹೊರಳಾಡಿಸಿದ್ರು. ಓ, ಇವತ್ತು ನನ್ನ ಸರದಿ ಅಂದ್ಕೊಂಡ್ಲು. ಸರಿ, ಇದನ್ನಾದ್ರೂ ಹಿಡಿದೇ ಹೋಗ್ತೀನಿ ಅಂತ ಹಟ ಬಂತು.

ಬಳೆ ತಿರುಗಿಸಿದ್ಲು. ದನಿ ಅಕ್ರೋಟಿನ ಮರದ ಕಡೆಗೆ ಕುಸಿತು. ಎರಡು ಹೆಜ್ಜೆ ಇಟ್ಲು, ಮತ್ತೆ ತಿರುಗಿಸಿದ್ಲು. ಇನ್ನೂ ಹತ್ರ ಹೋದ್ಲು. ಆಮೇಲೆ ಯಾವ ಕಡೆ ತಿರುಗಿಸಿದ್ರೂ ದನಿ ಒಂದೇ ಸಮ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ... ಒಂದೇ ಸಮ. ಹಾಗಾಯ್ತು ಅಂದ್ರೆ ನರಿ ಕಾಲ ಬುಡದಲ್ಲೇ ಇದೆ ಅಂತ ಅರ್ಥ.

ಕೆಳಗೆ ನೋಡಿದ್ಲು.

ಮರಕ್ಕೆ ಒರಗಿ ಒಬ್ಬ ಕೂತಿದ್ದ. ಮಂಡಿ ಎದೆಗೆ ಒತ್ಕೊಂಡು. ದಪ್ಪ ಹತ್ತಿ ಕೋಟು. ಕಿವಿ ಮೇಲೆ ಹಳೇ ಕಾಲದ ದೊಡ್ಡ ಹೆಡ್‌ಫೋನ್. ತೊಡೆ ಮೇಲೆ ಕೀ. ದಫಿನಾಗೆ ಜೀವ ಬಂದ ಹಾಗಾಯ್ತಂತೆ. ಸಂಘದ ಹಳೇ ಮೆಂಬರ್ ಯಾರೋ ಇರ್ಬೇಕು, ಪಾಪ, ನನಗೋಸ್ಕರ ಈ ಚಳೀಲಿ ಕೂತಿದಾರೆ ಅಂತ. ಬಗ್ಗಿ ಭುಜ ಮುಟ್ಟಿದ್ಲು.

"ನರಿ ಸಿಕ್ತು ಮಾವ" ಅಂದ್ಲು ಮೆಲ್ಲಗೆ.

ಕೋಟು ಮರದ ಹಲಗೆ ಹಾಗೆ ಗಟ್ಟಿಯಾಗಿತ್ತು. ಮೇಲೆಲ್ಲ ಹಿಮ. ಆ ವರ್ಷ ಇನ್ನೂ ಹಿಮ ಬಿದ್ದೇ ಇರ್ಲಿಲ್ಲ.

ಕೀ ಒತ್ತೋದು ನಿಂತಿತು. ಆ ಮನುಷ್ಯ ತಲೆ ಎತ್ತಲಿಲ್ಲ. "ಇನ್ನೂ ಯಾರಾದ್ರೂ ಬರೋರಿದಾರಾ ಮಗಳೇ?"

"ಇಲ್ಲ... ನಾನೇ ಕೊನೆಯವಳು."

"ಹಾಗಾದ್ರೆ ನಾನು ಮನೆಗೆ ಹೋಗ್ಲಾ?"

"ಹೋಗಿ ಮಾವ."

ಅವನು ಎದ್ದ. ಮಂಡಿ ಲಟಕ್... ಲಟಕ್... ಅಂತು. ಕೀನ ಅವಳ ಕೈಗೆ ಕೊಟ್ಟ. "ನೀನು ಮೊದಲು ಮುಟ್ಟಿದೆಯಲ್ಲ. ಕೂತ್ಕೋ" ಅಂದ. ಬೆದರಿಸಿದ ಹಾಗಲ್ಲ, ಅಂಗಡೀಲಿ ಸ್ಟೂಲ್ ತೋರಿಸ್ತಾರಲ್ಲ, ಹಾಗೆ. ಆಮೇಲೆ ಊರಿನ ಕಡೆ ನಡೆದ. ಕೋಟಿನ ಅಂಚು ಕರಕರ ಅಂತಿತ್ತು. ಎಲೆ ಮಾತ್ರ ಸದ್ದು ಮಾಡ್ಲಿಲ್ಲ.

ದಫಿನಾ ಕೂತ್ಲು.

ಯಾಕೆ ಕೂತೆ ಮಹಾರಾಯ್ತಿ ಅಂತ ಆಮೇಲೆ ನಾನು ಬೈದು ಬೈದು ಕೇಳಿದೀನಿ. ಯಾರೂ ನನ್ನ ಹಿಡಿದು ಕೂರಿಸಿರ್ಲಿಲ್ಲ ಅಕ್ಕ ಅಂತಾಳೆ. ಏಳ್ಬೇಕು ಅಂತ ಅನ್ನಿಸ್ತಾನೇ ಇರ್ಲಿಲ್ವಂತೆ. ನರಿ ಏಳಬಾರದು, ಅದೊಂದೇ ತಲೇಲಿ. ಚಳಿ ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಹತ್ತುತಾ ಇತ್ತು. ಅವಳು ಒತ್ತುತಾ ಇದ್ಲು.

ಇನ್ನು ಮುಂದಿನದು ನಾನೇ ಕಣ್ಣಾರೆ ಕಂಡಿದ್ದು. ಇದೇ ಕೋಣೆ. ಅಗೋ, ಅದೇ ಒಲೆ. ನಾನು ಬೀನ್ಸ್ ಸಾರು ತಿರುವುತಾ ಇದ್ದೆ. ಬಂದವರು ಬೇಗ ಬೇಗ ಉಂಡು ಹೋಗಿದ್ರು. ಮಿಂಚೊ ಮಾವ, ಕ್ರಸ್ತ್ಯೊ ಮತ್ತೆ ನಾನು ಉಳ್ಕೊಂಡಿದ್ವಿ. ದಫಿನಾ ಎಲ್ಲಿ ಅಂದೆ. ಇನ್ನೂ ನನ್ನನ್ನೇ ಹುಡುಕ್ತಿರ್ಬೇಕು, ಬಿಡು, ಇಷ್ಟು ಚೆಂದದ ನರಿ ಬೇರೆಲ್ಲಿ ಸಿಗುತ್ತೆ ಅಂತ ಕ್ರಸ್ತ್ಯೊ ಲೋಟಕ್ಕೆ ರಾಕಿಯಾ ಸಾರಾಯಿ ಬಗ್ಗಿಸ್ಕೊಂಡ.

ಕಿಟಕೀಲಿ ಮಿಂಚೊ ಮಾವನ ರಿಸೀವರ್ ಆನ್ ಆಗೇ ಇತ್ತು. ಅದರ ಹೆಡ್‌ಫೋನಿಂದ ಸೊಳ್ಳೆ ದನಿಯಷ್ಟು ಸಣ್ಣಗೆ... ಡಾ... ಡಾ... ಡಿ-ಡಿ.

ಕ್ರಸ್ತ್ಯೊನ ಕೈ ಅಲ್ಲೇ ನಿಂತಿತು. ಅವನ ಟ್ರಾನ್ಸ್‌ಮಿಟರ್ ಮೇಜಿನ ಮೇಲಿತ್ತು, ಬ್ಯಾಟರಿ ಬಿಚ್ಚಿಟ್ಟು.

ಕೀ ಒತ್ತೋದು ಕೈಬರಹ ಇದ್ದ ಹಾಗೆ. ಯಾರದ್ದು ಅಂತ ಗೊತ್ತಾಗಿಬಿಡುತ್ತೆ. ದಫಿನಾ ಕೊನೇ ಎರಡನ್ನ ಯಾವಾಗ್ಲೂ ಅವಸರ ಮಾಡ್ತಾಳೆ. ಮಿಂಚೊ ಮಾವ ಎಷ್ಟು ಸಲ ಗದರಿಸಿದ್ದ, ನಿನ್ನ ರೈಲು ಹೊರಟುಹೋಗುತ್ತಾ ಅಂತ. ಇದು ಅವಳದೇ ಕೈ. ಆದ್ರೆ ನಿಧಾನ ಆಗ್ತಾ ಇತ್ತು. ಒಂದಕ್ಕಿಂತ ಒಂದು ನಿಧಾನ...

ಮಿಂಚೊ ಮಾವ ಬಳೆ ತಿರುಗಿಸಿದ. ಗೆರೆ ಬಾವಿ ಕಡೆಗೆ. ಮುಖ ಸುಣ್ಣ ಬಳಿದ ಹಾಗಾಯ್ತು. "ಸ್ತೊಯ್ಮೆನ್ ಕೂತಿದ್ದ ಜಾಗ" ಅಂದ.

ಸ್ತೊಯ್ಮೆನ್ ಹಿಮದಲ್ಲಿ ಸತ್ತ ಅಂತಷ್ಟೇ ಗೊತ್ತಿತ್ತು, ಪೂರ್ತಿ ಕತೆ ನಾನು ಕೇಳಿದ್ದು ಆವಾಗ್ಲೇ. ಮಿಂಚೊ ಮಾವ ಇನ್ನೂ ಮದುವೆ ಆಗಿರದ ಕಾಲ. ಸ್ತೊಯ್ಮೆನ್ ನರಿ ಆಗಿ ಬಾವಿ ಹತ್ರ ಕೂತಿದ್ದನಂತೆ. ಬೇಟೆ ಶುರು ಆಗೋದ್ರೊಳಗೆ ಹಿಮಗಾಳಿ ಎದ್ದು ಆಟ ರದ್ದಾಯ್ತು. ಅವನಿಗೆ ಅವರು ಹೇಳಿರ್ತಾರೆ ಅಂತ ಇವರು, ಇವರು ಹೇಳಿರ್ತಾರೆ ಅಂತ ಅವರು. ಯಾರೂ ಹೇಳಿರ್ಲಿಲ್ಲ. ಅವನೋ ಕಟ್ಟಳೆ ಮನುಷ್ಯ. ಯಾರೂ ಬಂದು ಮುಟ್ಟಲಿಲ್ಲ, ಅವನು ಏಳಲಿಲ್ಲ. ಮಾರನೇ ದಿನ ಹಿಮ ಅಗೆದು ತೆಗೆದಾಗ ಬೆರಳು ಕೀ ಮೇಲೇ ಇತ್ತಂತೆ.

ನಾನು ಸೌಟು ಬಿಸಾಡಿ ಬಾಗಿಲಿಗೆ ಓಡಿದೆ. ಮಿಂಚೊ ಮಾವ ತೋಳು ಹಿಡಿದ.

"ಅವಳು ಅವನನ್ನ ಮುಟ್ಟಿ ಕೂತಿದಾಳೆ. ಈಗ ಅವಳನ್ನ ಮೊದಲು ಮುಟ್ಟಿದವರು ಕೂರ್ಬೇಕು. ಗೊತ್ತು ತಾನೆ?"

"ಗೊತ್ತು. ನನ್ನ ತಂಗಿ. ನಾನೇ ಕೂರ್ತೀನಿ."

ನಿಂಗೆ ಮಕ್ಕಳಿದಾರೆ, ನಂಗೆ ವಯಸ್ಸಾಗಿದೆ, ನಾನು ಮುಟ್ತೀನಿ ಅಂದ ಅವನು. ಮೆಟ್ಟಿಲ ಮೇಲೇ ಜಗಳ. ಕ್ರಸ್ತ್ಯೊ ಹಿಂದಿನಿಂದ ಕೋಟು ಹಾಕ್ಕೊಳ್ತಾ ಬಂದ. ಜೀವಮಾನದಲ್ಲಿ ಒಂದು ನೆಟ್ಟಗಿನ ಮಾತಾಡಿದವನಲ್ಲ.

"ಮೂರು ಜನವೂ ಒಟ್ಟಿಗೇ ಮುಟ್ಟಿದ್ರೆ... ಮೊದಲು ಯಾರು?" ಅಂದ.

ಮಿಂಚೊ ಮಾವ ಅವನ ಮುಖ ನೋಡಿದ. "ಕಟ್ಟಳೇಲಿ ಅದು ಇಲ್ಲ" ಅಂದ. ಅಷ್ಟು ಸಾಕಾಯ್ತು.

ಹೇಗೆ ಬೆಟ್ಟ ಹತ್ತಿದೆನೋ ಗೊತ್ತಿಲ್ಲ. ಹೆಡ್‌ಫೋನ್ ಮಿಂಚೊ ಮಾವನ ಕಿವೀಲಿ. ಇದೆಯಾ ಅಂತ ಕೇಳ್ತಾ ಹೋದೆ. ಇದೆ ಅನ್ನೋನು. ಇದೆ... ಇದೆ... ಬಾವಿ ಹತ್ರ ಬಂದಾಗ ಅವನು ಬೆರಳು ತೋರಿಸಿದ.

ಮರಕ್ಕೆ ಒರಗಿ ಕೂತಿದ್ಲು. ಕಣ್ಣು ತೆರೆದಿತ್ತು, ನಮ್ಮನ್ನ ನೋಡ್ತಿರ್ಲಿಲ್ಲ. ತುಟಿ ನೀಲಿ. ತೊಡೆ ಮೇಲೆ ಕೀ ಇರ್ಲಿಲ್ಲ ಕಣ್ರೋ. ಏನೂ ಇರ್ಲಿಲ್ಲ. ಬೆರಳು ಬರೀ ಲಂಗದ ಮೇಲೆ ಕುಟ್ತಾ ಇತ್ತು. ಅವಳು ಕುಟ್ಟಿದ ಹಾಗೆಲ್ಲ ಮಿಂಚೊ ಮಾವನ ಕಿವೀಲಿ ಡಾ... ಡಾ...

ಅವಳ ಸುತ್ತ ಮೂರು ಜನ ಮಂಡಿ ಊರಿದ್ವಿ. ಉಸಿರು ತಾಗಿದ್ರೂ ಮುಟ್ಟಿದ ಹಾಗಾದೀತು ಅಂತ ಉಸಿರೂ ಬಿಡ್ಲಿಲ್ಲ. ಮಿಂಚೊ ಮಾವ ತಲೆ ಆಡಿಸಿ ತಾಳ ಹಾಕಿದ. ಮೂರು ಕೈ ಒಂದೇ ಸಲ ಅವಳ ಮೇಲೆ ಬಿತ್ತು.

"ನರಿ ಸಿಕ್ತು."

ಬೆರಳು ನಿಂತಿತು. ಹೆಡ್‌ಫೋನೂ ಸತ್ತುಹೋಯ್ತು. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ, ಈಗ ಯಾರು ಕೂರ್ತಾರೋ ಅಂತ... ಏಳೋಕೆ ಹೋದ ಕ್ರಸ್ತ್ಯೊ ಮತ್ತೆ ಮಂಡಿ ಬಗ್ಗಿಸಿದ. ನಾನು ಅವನ ಕಾಲರ್‌ಗೆ ಕೈ ಹಾಕಿ ಎಳೆದೇ ಎಳೆದೆ. ಬಿಡೇ, ಬೂಟಿನ ದಾರ ಬಿಚ್ಚಿದೆ ಅಷ್ಟೇ ಅಂದ. ದಾರ ಕಟ್ಟದೇ ಎದ್ದುಬಿಟ್ಟ.

ಅವಳನ್ನ ಎತ್ಕೊಂಡೇ ಓಡಿದ್ವಿ. ಒಲೆ ಮುಂದೆ ಕೂರಿಸಿ ರಾಕಿಯಾ ಹಚ್ಚಿ ಉಜ್ಜಿ ಉಜ್ಜಿ ನನ್ನ ಕೈ ಸುಲಿದುಹೋಯ್ತು. ಬೆಳಗಾಗೋ ಹೊತ್ತಿಗೆ ಬಾಯಿ ಬಿಟ್ಲು. ನಡೆದಿದ್ದನ್ನೆಲ್ಲ ಹೇಳಿದ್ಲು. ಆಮೇಲೆ ಅಂದ್ಲು, "ಅಕ್ಕ, ಅವರು ಮನೆ ಸೇರಿದ್ರಾ?"

ನನಗೆ ಅಳು ಬಂದುಬಿಡ್ತು. ಎದ್ದು ಹೋದೆ. ಸ್ತೊಯ್ಮೆನ್ ಹೆಂಡತಿ ಗಾನಾ ಅಜ್ಜಿ ಇನ್ನೂ ಇದ್ಲು ಆಗ, ಊರಿನ ಕೊನೇ ಮನೇಲಿ ಒಬ್ಳೇ. ಏನು ಹೇಳ್ಬೇಕು ಅಂತ ಗೊತ್ತಿಲ್ದೇ ಹೋದೆ. ಅಜ್ಜಿ ಕಿಟಕೀಲಿ ನಿಂತಿದ್ಲು. ಬಾಗಿಲು ತೆಗೀ ಅಜ್ಜಿ ಅಂದೆ. ತೆಗೆಯೋಕೆ ಆಗ್ತಿಲ್ಲ ಕಣೇ ಅಂದ್ಲು. "ರಾತ್ರಿ ಯಾರೋ ಬಂದು ಒಳಗಿಂದ ಅಗಣಿ ಹಾಕಿದಾರೆ."

ಆ ಮನೇಲಿ ಕೊನೇಲಿ ಬಂದವರು ಅಗಣಿ ಹಾಕೋದು ಪದ್ಧತಿ. ಗಂಡ ಬರ್ಲಿಲ್ಲ ಅಂತ ಅಜ್ಜಿ ಅವತ್ತಿಂದ ಹಾಕೇ ಇರ್ಲಿಲ್ಲ. ಇದು ಊರಿಗೆಲ್ಲ ಗೊತ್ತು. ಮುದುಕಿ ತಾನೇ ಹಾಕ್ಕೊಂಡು ಮರೆತಿರ್ತಾಳೆ ಅಂತ ಕ್ರಸ್ತ್ಯೊ ಇವತ್ತಿಗೂ ವಾದ ಮಾಡ್ತಾನೆ. ಮಾಡ್ಲಿ. ಅಜ್ಜಿ ಬೆರಳಿಗೆ ಒಂದು ಜಾಡಿ ಮುಚ್ಚಳ ತಿರುಗಿಸೋಕೂ ಆಗ್ತಿರ್ಲಿಲ್ಲ. ಕಿಟಕಿ ಹತ್ತಿ ಒಳಗೆ ಹೋದವಳು ನಾನು. ತುಕ್ಕು ಹಿಡಿದು ಕಚ್ಕೊಂಡಿದ್ದ ಅಗಣಿ. ಸುತ್ತಿಗೇಲಿ ಹೊಡೆದು ಬಿಡಿಸಿದವಳೂ ನಾನೇ.