ಮೇಷ್ಟ್ರ ಕಾರಿನ ಸೀಲು

ಹತ್ರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಕಾರ್ ಮೆಕ್ಯಾನಿಕ್ ಅವನು. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ.

ನಮ್ಮ ಶಾಲೆಯ ತೀರಿಹೋದ ಹೆಡ್‌ಮೇಷ್ಟ್ರದ್ದು ಒಂದು ಹಳೇ ಕಾಲದ ಕಾರು ಇತ್ತು. ಗೇರ್‌ಬಾಕ್ಸಿಂದ ಕೆಂಪು ಎಣ್ಣೆ ಸೋರ್ತಿದೆ ಅಂತ ಅವರ ಹೆಂಡತಿ ಮನೆಗೇ ಕರೆಸಿದ್ರು. ಬೆಳಗಾದ್ರೆ ಮಗಳು ಅದೇ ಕಾರಲ್ಲಿ ದೂರ ಹೋಗ್ಬೇಕು. ದಾರಿಯೆಲ್ಲ ಇಳಿಜಾರು. ಎಣ್ಣೆ ಬತ್ತಿದ್ರೆ ಗೇರೇ ಹಿಡಿಯಲ್ಲ.

ಅಣ್ಣ ಗೇರ್‌ಬಾಕ್ಸಿಂದ ಚಕ್ರದ ಕಡೆ ಹೋಗೋ ಶಾಫ್ಟು ಬಿಚ್ಚಿ, ಎಣ್ಣೆ ತಡೆಯೋ ಹಳೇ ರಬ್ಬರ್ ಸೀಲು ಕಿತ್ತ. ಹೊಸದನ್ನ ಬಡಿದು ಕೂರಿಸೋವಾಗ ಸುತ್ತಿಗೆ ಜಾರ್ತು. ಸೀಲಿನ ಅಂಚು ಹರೀತು. ಇನ್ನೊಂದು ತರೋಕೆ ಸೋಮಾರಿತನ. ಸುತ್ತ ಗೋಂದು ಮೆತ್ತಿ, ಶಾಫ್ಟು ಬಿಗಿದು, ಎಣ್ಣೆ ತುಂಬಿಸಿ, "ಆಯ್ತಮ್ಮ, ಇನ್ನು ಸೋರಲ್ಲ" ಅಂದ.

"ನೀನು ಕೈಯಿಟ್ಟ ಮೇಲೆ ನಂಗೆ ಧೈರ್ಯ ಕಣಪ್ಪ" ಅಂದ್ರು ಆಯಮ್ಮ.

ಅವರ ಮುಖ ನೋಡದೆ ಹೊರಟುಬಂದ.

ಕತ್ತಲಾಗಿತ್ತು. ದಾರಿಯಲ್ಲಿ ಹಾಳುಬಾವಿ ದಾಟ್ತಿದ್ದ... ಟಪ್.

ನಿಂತ. ಸದ್ದಿಲ್ಲ. ಹೆಜ್ಜೆ ಇಟ್ಟ... ಟಪ್. ನೀರಿನ ಸದ್ದು ಹಾಗಿರಲ್ಲ. ಮಂದವಾದ ಎಣ್ಣೆ ತಗಡಿನ ಮೇಲೆ ಬೀಳೋ ಸದ್ದು. ಆ ಬಾವಿ ಒಣಗಿ ಯಾವ ಕಾಲ ಆಯ್ತೋ.

ಬಾವಿಕಟ್ಟೆ ಮೇಲೆ ಯಾರೋ ಕೂತು ಬಟ್ಟೆಯಲ್ಲಿ ಕೈ ಒರೆಸ್ಕೊಳ್ತಿದ್ರು.

"ಸೋರೋದು ನಿಂತ್ತೇನೋ?" ಪಿಸುದನಿ.

"ನಿಂತ್ತು ಸಾರ್." ಅಂದ್ಮೇಲೆ ಹೊಳೀತು... ಯಾರಿಗೆ ಸಾರ್ ಅಂದೆ ಅಂತ.

"ನನ್ನ ಮುಖ ನೋಡಿ ಹೇಳು."

ತಲೆ ಎತ್ತೋಕಾಗ್ಲಿಲ್ಲ. "ಹೆದರಿಕೆ ಆಗಿದ್ರೆ ಓಡ್ತಿದ್ದೆ ಕಣೋ. ನಾಚಿಕೆಗೆ ಕಾಲೇ ಏಳಲ್ಲ" ಅಂತ ಅಣ್ಣ ನಂಗೆ ಎಷ್ಟೋ ಸಲ ಹೇಳಿದಾನೆ.

"ಹರಿದ ಸೀಲು ಹಾಕಿದೀನಿ ಸಾರ್," ನೆಲ ನೋಡ್ಕೊಂಡೇ ಅಂದ.

ತಲೆ ಎತ್ತಿದ್ರೆ... ಕಟ್ಟೆ ಖಾಲಿ.

ಬಂದ ದಾರಿಯಲ್ಲೇ ವಾಪಸ್ ಹೋಗಿ ಬಾಗಿಲು ಬಡಿದ. "ಅಮ್ಮಾ, ಸುಳ್ಳು ಹೇಳ್ದೆ. ನಾಳೆ ಆ ಕಾರು ತೆಗೀಬೇಡಿ. ಕೆಲಸ ಕೆಡಿಸಿದೀನಿ."

ಮಗಳು ತಾಯಿ ಮುಖ ನೋಡಿದ್ಲು. ತಾಯಿ ಬೈಯಲಿಲ್ಲ. "ಬೆಳಗ್ಗೆ ಬಂದು ಸರಿ ಮಾಡಪ್ಪ. ಅವಳು ಆಮೇಲೆ ಹೊರಡ್ತಾಳೆ" ಅಂದು, ಕತ್ತಲೆ ಇದೆ ಅಂತ ಟಾರ್ಚ್ ಬೇರೆ ಕೊಟ್ಟು ಕಳಿಸಿದ್ರು. ಎರಡು ಬಾರಿಸಿದ್ರೆ ಎಷ್ಟೋ ಚೆನ್ನಾಗಿತ್ತು ಅಂತಾನೆ ಇವತ್ತಿಗೂ.

ಬೆಳಗ್ಗೆ ಹೊಸ ಸೀಲು ತಗೊಂಡು ಹೋದಾಗ ಜೊತೆಗೆ ನಾನೂ ಇದ್ದೆ. ಕಾರು ನಿಲ್ಲಿಸೋ ಶೆಡ್ಡಿನ ಬೀಗ ತೆಗೆದವರು ಆಯಮ್ಮನೇ. ಕೀಲಿಕೈ ರಾತ್ರಿಯೆಲ್ಲ ಅವರ ದಿಂಬಿನಡಿ ಇತ್ತು.

ಅಣ್ಣ ಕಾರಿನ ಕೆಳಗೆ ತೂರಿದ. ಕೈ ಬೀಸಿ ನನ್ನ ಕರೆದ. ನಾನೂ ಬಗ್ಗಿ ನೋಡಿದೆ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನನ್ನ ಕಣ್ಣಾರೆ ಕಂಡಿದ್ದು. ಹಿಂದಿನ ದಿನ ಅಣ್ಣ ಬಿಗಿದಿದ್ದ ಶಾಫ್ಟನ್ನ ಯಾರೋ ಆಗ್ಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ರು. ಬೋಲ್ಟುಗಳು ಮೇಷ್ಟ್ರ ಟೀ ಸಾಸರಿನಲ್ಲಿ... ಒರೆಸಿ ಇಟ್ಟಿದ್ವು.