ಅರ್ತ್ ಗುಂಡಿಗೆ ಹೊಯ್ದ ನೀರು

ಇದು ಕಟ್ಟುಕತೆಯಲ್ಲ. ನನ್ನ ಚಿಕ್ಕಪ್ಪನ ಮಗಳು ಶ್ರೀರಂಜನಿಗೆ, ಶೃಂಗೇರಿಯ ಹತ್ತಿರದ ಅವಳ ಮನೆಯಲ್ಲೇ ಆದದ್ದು. ೨೦೦೬ರ ಏಪ್ರಿಲ್. ನಾನು ಜೊತೆಗಿದ್ದೆ.

ಕೊನೆಯ ಬಸ್ಸಿಳಿದು ನಾವಿಬ್ಬರೂ ನಡೆದು ಬರುತ್ತಿದ್ದೆವು. ಒಂಬತ್ತು ಇಪ್ಪತ್ತು. ಮನೆಯ ಹಿಂದಿನ ಗೋಳಿಮರದ ಬುಡದಲ್ಲಿ ಅವಳು ನಿಂತಳು.

"ಅಕ್ಕಾ... ಗುಂಡಿಗೆ ನೀರು ಹಾಕಿ ಬರ್ತೀನಿ. ರಿಪೇರಿಯ ಯೋಗೇಂದ್ರ ಹೇಳಿ ಹೋಗಿದಾನೆ."

"ಈ ಕತ್ತಲಲ್ಲಿ ಎಂತ ನೀರು? ಹುಳಹುಪ್ಪಟೆ ಇರುತ್ತೆ. ನಾಳೆ ಹಾಕು," ಎಂದೆ. ನನ್ನ ಮಾತು ಮೀರುವವಳಲ್ಲ ಅವಳು.

ಗುಂಡಿ ತೋಡಿದ್ದು ಅಂದು ಬೆಳಿಗ್ಗೆ. ಅವಳ ಮಗಳು ಸುಪ್ರೀತಾ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಮೂರು ತುಂಬಲು ಹದಿನೇಳು ದಿನ ಬಾಕಿಯಿತ್ತು ಆ ಮಗುವಿಗೆ. ಆಪರೇಷನ್ನಿಗೆ ಮೊದಲು ನೀರು ಕೊಡಬಾರದೆಂದಿದ್ದರು. ಮಗು ನೀರು ಕೇಳುತ್ತಲೇ ಹೋಯಿತು. ಉಳಿದದ್ದು ಒಂದು ಕ್ಯಾಸೆಟ್, ಅದರಲ್ಲಿ ನಾಲ್ಕು ನಿಮಿಷ ಅವಳ ದನಿ. ಕೇಳಿ ಕೇಳಿ ರೀಲು ಸವೆದಿತ್ತು. ಇನ್ನೊಂದು ಸಲ ಓಡಿದರೆ ಹೆಚ್ಚು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳೋಣವೆಂದರೆ ಹೆಡ್‌ಫೋನಿನಲ್ಲಿ ಗುಂಯ್... ಎಂಬ ಸದ್ದು.

ಕೊಪ್ಪದಿಂದ ರಿಪೇರಿಯ ಯೋಗೇಂದ್ರ ಬಂದಿದ್ದ. ಹೆಡ್‌ಫೋನ್ ಬದಲಿಸಿದ. ಪಿನ್ನನ್ನು ಕಂಪ್ಯೂಟರಿನ ಮುಂದಿನಿಂದ ತೆಗೆದು ಹಿಂದಕ್ಕೆ ಚುಚ್ಚಿದ. ಮೈಕ್ ಮ್ಯೂಟ್ ಮಾಡಿದ, ಮೊಬೈಲು ದೂರ ಇಡಿಸಿದ. ಗುಂಯ್ ಹೋಗಲಿಲ್ಲ.

"ನಿಮ್ಮನೇಲಿ ಕರೆಂಟು ಭೂಮಿಗೆ ಇಳಿಯೋಕೆ ಅರ್ತೇ ಇಲ್ವಲ್ಲ ಮಾರಾಯ್ರೆ! ಜೇನುಗೂಡಿಗೆ ಕಿವಿ ಕೊಟ್ಟ ಹಾಗಾಯ್ತು."

ಸುತ್ತ ಬಂಡೆ. ಮಣ್ಣು ಮೆದುವಾಗಿದ್ದದ್ದು ಗೋಳಿಮರದಡಿ ಮಾತ್ರ. ಜಾಗ ತೋರಿಸಿದವಳು ಶ್ರೀರಂಜನಿಯೇ. ಅವನು ಕಬ್ಬಿಣದ ಪೈಪು ಹೂತು, ಇದ್ದಿಲು, ಉಪ್ಪು ತುಂಬಿ, ತಂತಿ ಎಳೆದ. "ದಿನಾ ನೀರು ಹಾಕಿ ಅಕ್ಕ. ಒಣಗಿದ್ರೆ ಅರ್ತ್ ಕೆಲಸ ಮಾಡಲ್ಲ," ಎಂದು ಹೋದ.

ಆ ರಾತ್ರಿ ಅವಳು ಕಂಪ್ಯೂಟರ್ ಹಾಕಿದಳು. ಕ್ಯಾಸೆಟ್ ಇನ್ನೂ ಡಬ್ಬಿಯಲ್ಲಿತ್ತು. ಹೆಡ್‌ಫೋನ್ ಕಿವಿಗಿಟ್ಟವಳು... ಅಲುಗಲಿಲ್ಲ.

"ಏನೇ?"

"ನೀರು ಕೇಳ್ತಿದಾಳೆ."

ನಾನು ಕಸಿದುಕೊಂಡು ಕಿವಿಗಿಟ್ಟೆ. ಗುಂಯ್... ಅದರೊಳಗೆ, ಎಡಗಿವಿಯಲ್ಲಿ ಮಾತ್ರ, ಒಣ ನಾಲಿಗೆ ಅಂಗುಳಿಗೆ ಅಂಟಿ ಬಿಡುವ ಸದ್ದು. ಚ್... ಚ್...

"ಅಮ್ಮಾ, ನೀರು."

ಶ್ರೀರಂಜನಿ ಕೊಡ ಎತ್ತಿಕೊಂಡು ಹೊರಗೆ ಓಡಿದ್ದಳು. ಈ ಸಲ ನಾನು ತಡೆಯಲಿಲ್ಲ. ನೀರು ಬಿದ್ದದ್ದು ಕಿಟಕಿಯಾಚೆ ಕೇಳಿಸಿತು. ಹೆಡ್‌ಫೋನಿನಲ್ಲಿ ಗುಟುಕ್... ಗುಟುಕ್... ನಡುವೆ ಉಸಿರು. ಎರಡನೆಯ ಕೊಡ. ಗುಟುಕ್. ಆಮೇಲೆ ಗುಂಯ್ ಎನ್ನುವುದೂ ನಿಂತಿತು.

ಅವಳು ಒಳಗೆ ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕ್ಯಾಸೆಟ್ ಹಾಕಿದಳು. ನಾಲ್ಕು ನಿಮಿಷವೂ ಸ್ವಚ್ಛವಾಗಿ ಇಳಿಯಿತು. ಕೊನೆಯಲ್ಲಿ ರೀಲು ತುಂಡಾಯಿತು.

ಬೆಳಿಗ್ಗೆ ಅವಳ ಗಂಡ ಗುರುಕಿರಣ ನರಸಿಂಹರಾಜಪುರದಿಂದ ಬಂದ. ಪೈಪು ನೋಡಿದವನು ಚಪ್ಪಲಿ ಕಳಚಿ ಅಲ್ಲೇ ನಿಂತ. ಅಷ್ಟು ಚಿಕ್ಕ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ. ಗಂಡಸರು ಹೂತು ಬರುತ್ತಾರೆ. ಗುರುತಿಡುವುದಿಲ್ಲ, ಜಾಗವನ್ನು ತಾಯಿಗೆ ಹೇಳುವುದೂ ಇಲ್ಲ.

"ಇಲ್ಲಿ ಅಗೆಯಲಿಕ್ಕೆ ಹೇಳಿದ್ದು ಯಾರು?"

"ನಾನೇ," ಎಂದಳು ಶ್ರೀರಂಜನಿ. ಅವನ ಮುಖ ನೋಡುತ್ತ ನೋಡುತ್ತ ಅವಳಿಗೆ ತಿಳಿಯಿತು. ದನಿ ಏರಲಿಲ್ಲ. "ಎರಡು ವರ್ಷ ಇದೇ ಮಣ್ಣು ತುಳಿದು ಬಟ್ಟೆ ಒಣಗಿಸಿದೀನಲ್ಲ... ಒಂದು ಮಾತು ಹೇಳಬಾರದಿತ್ತಾ ನೀವು?"

ಅವನು ಬಗ್ಗಿ ಗುಂಡಿಯ ಅಂಚಿನ ಮಣ್ಣನ್ನು ಅಂಗೈಯಿಂದ ಒತ್ತಿ ಸರಿಮಾಡತೊಡಗಿದ.

ನಾನು ಬಗ್ಗಿ ಗುಂಡಿಗೆ ಕೈ ಹಾಕಿದೆ. ರಾತ್ರಿ ಅದಕ್ಕೆ ಎರಡು ಕೊಡ ನೀರು ಬಿದ್ದಿತ್ತು. ಇದ್ದಿಲು ಒಣಗಿತ್ತು. ಮೊಣಕೈವರೆಗೆ ಇಳಿಸಿ ನೋಡಿದೆ... ಎಲ್ಲೂ ತೇವವಿಲ್ಲ. ಬೆರಳಿಗೆ ಹತ್ತಿದ್ದು ಬರೀ ಒಣ ಪುಡಿ. ಬೇರೆಯವರು ಹೇಳಿದ್ದಲ್ಲ, ಈ ಕೈಯಿಂದಲೇ ಮುಟ್ಟಿದ್ದೇನೆ.